ದಲ್ಲಾಳಿ ಇಲ್ಲದ ಸೌದಾ

ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿ ಪಕ್ಕದ ನಂದೂರಿನ ಗಾಳಿಯ ವಾಸನೆಯೇ ಬದಲಾಗುತ್ತದೆ. ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲುಗಳಿಂದ ಹಾರಿದ ಹೊಟ್ಟು ರಸ್ತೆಬದಿಯ ಗಿಡಗಳ ಮೇಲೆಲ್ಲ ಕೂತಿರುತ್ತದೆ. ಲಾರಿಗಳು ಸಾಲುಗಟ್ಟುತ್ತವೆ, ಹಮಾಲರಿಗೆ ಬುತ್ತಿ ಬಿಚ್ಚಲೂ ಪುರುಸೊತ್ತಿರುವುದಿಲ್ಲ. ಮಿಲ್ಲಿನವರ ಕೈಯಲ್ಲಿ ರೊಕ್ಕ ಆಡುವ ಕಾಲ ಅದು. ಜಾಹೀರಾತು ಕೇಳಲು ಹೋಗುವವರಿಗೂ ಅದೇ ಸುಗ್ಗಿ.

ಅಂಥ ಒಂದು ಸುಗ್ಗಿಯಲ್ಲಿ, ನಮ್ಮ ಪುಟ್ಟ ಸುದ್ದಿತಾಣ ಆರಂಭವಾದ ಹೊಸದರಲ್ಲಿ, ನಾನು ಅಲ್ಲಿನ ಒಂದು ಮಿಲ್ಲಿಗೆ ಹೋಗಿದ್ದೆ. "ಬರ್ರಿ ಸರ, ಕುಂದರ್ರಿ" ಎಂದು ಸಾವುಕಾರರು ಚಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಕೇಳಿದರು: "ಪೇಪರಿನ್ಯಾಗ ಕೊಟ್ರ ನಮ್ ಮಂದಿ ನೋಡ್ತಾರ. ನಿಮ್ದು ಯಾರ್ ನೋಡ್ಲತ್ತಾರ್ರಿ? ಎಲ್ಲಿ ಕುಂತು ನೋಡ್ಲತ್ತಾರ?"

ತಿಂಗಳಿಗೆ ಇಷ್ಟು ಭೇಟಿ ಎಂಬ ದೊಡ್ಡ ಸಂಖ್ಯೆಯೊಂದು ನನ್ನ ಬಳಿ ಇತ್ತು. ಆ ಸಂಖ್ಯೆಯೊಳಗೆ ಕಲಬುರಗಿಯವರು ಎಷ್ಟು, ಶಹಾಬಾದಿನವರು ಎಷ್ಟು, ಪುಣೆಯಲ್ಲಿ ಕೂತು ಊರಿನ ಸುದ್ದಿ ಓದುವವರು ಎಷ್ಟು ಎಂದು ನಾನೇ ಬಿಡಿಸಿ ನೋಡಿರಲಿಲ್ಲ. ಚಾ ಕುಡಿದು ಎದ್ದು ಬಂದೆ. ಕನ್ನಡದ ಜಾಲತಾಣಗಳು ಜಾಹೀರಾತಿನ ದಾರಿಯಲ್ಲಿ ಇಪ್ಪತ್ತೈದು ವರ್ಷ ನಡೆದು ಬಂದದ್ದನ್ನು ಇವತ್ತು ಹಿಂದಿರುಗಿ ನೋಡುವಾಗ, ಸಾವುಕಾರರ ಆ ಪ್ರಶ್ನೆಯೇ ನನಗೆ ಅಳತೆಗೋಲು.

ಅಂತರ್ಜಾಲದ ಮೊದಲ ಬ್ಯಾನರ್ ಜಾಹೀರಾತುಗಳು ನೇರ ಮಾರಾಟದಿಂದಲೇ ಬಂದವು. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ತಾಣ ತನ್ನ ಪುಟದ ಮೇಲ್ಭಾಗವನ್ನು ಎಟಿ ಅಂಡ್ ಟಿ ಮೊದಲಾದ ಕಂಪನಿಗಳಿಗೆ ಕೊಟ್ಟಿತು. ಎಟಿ ಅಂಡ್ ಟಿ ಮೂರು ತಿಂಗಳಿಗೆ 30,000 ಡಾಲರ್ ಕೊಟ್ಟಿತೆಂದು ಹೇಳುತ್ತಾರೆ. ಆಗ ಹರಾಜು ಇರಲಿಲ್ಲ, ಸಾವಿರ ದರ್ಶನಕ್ಕೆ ಇಷ್ಟೆಂಬ ಲೆಕ್ಕವೂ ಬಲಿತಿರಲಿಲ್ಲ. ಊರ ಮುಂದಿನ ಗೋಡೆಯನ್ನು ವರ್ಷದ ಬಾಡಿಗೆಗೆ ಕೊಟ್ಟು ಬಣ್ಣ ಬರೆಸಿದ ಹಾಗೆ ಪುಟದ ಜಾಗವನ್ನು ಕಾಲಾವಧಿಗೆ ಬಾಡಿಗೆ ಕೊಟ್ಟರು.

ಕನ್ನಡಕ್ಕೆ ಬಂದರೆ, 2000ದಲ್ಲಿ ದಟ್ಸ್‌ಕನ್ನಡ ಕಣ್ಣು ಬಿಟ್ಟಿತು. ಆಮೇಲೆ ಸಂಪದ, ಕೆಂಡಸಂಪಿಗೆ, ಅವಧಿ ಬಂದವು. ಅಕ್ಷರ ಮೂಡಿಸುವುದೇ ಒಂದು ಹೋರಾಟವಾಗಿದ್ದ ದಿನಗಳವು. ಬರಹ ತಂತ್ರಾಂಶ ಕೈಗೆ ಬಂದಿತ್ತು, ಯುನಿಕೋಡ್ ಇನ್ನೂ ಎಲ್ಲರ ಕಂಪ್ಯೂಟರಿಗೆ ಬಂದಿರಲಿಲ್ಲ. ಬರೆಯುವ ಹುಮ್ಮಸ್ಸೇ ಬಂಡವಾಳವಾಗಿದ್ದಾಗ ಖರ್ಚು ಯಾರು ಕೊಡಬೇಕೆಂಬ ಮಾತು ಹಿಂದೆ ಸರಿದಿತ್ತು. 2003ರ ಜೂನ್‌ನಲ್ಲಿ ಗೂಗಲ್‌ನ ಆಡ್‌ಸೆನ್ಸ್ ಬಂದಾಗ ಜಗತ್ತಿನ ಸಣ್ಣ ತಾಣಗಳೆಲ್ಲ ಅದರತ್ತ ತಿರುಗಿದವು. ಒಂದು ತುಂಡು ಕೋಡ್ ಅಂಟಿಸಿದರೆ ಸಾಕು, ಯಾರ ಬಾಗಿಲೂ ತಟ್ಟಬೇಕಾಗಿರಲಿಲ್ಲ. ಆದರೆ ಅದರ ಭಾಷಾಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಿಂದಿಗೆ ಒಪ್ಪಿಗೆ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ, ತಮಿಳಿಗೆ 2018ರಲ್ಲಿ. ಕನ್ನಡ ಸೇರಿದ್ದು ಹಿಂದಿಗಿಂತ ವರ್ಷಗಟ್ಟಲೆ ತಡವಾಗಿ.

ಆ ಕಾಯುವಿಕೆಯ ವರ್ಷಗಳಲ್ಲಿ ನಾವು ಒಂದು ಅವಕಾಶ ಕಳೆದುಕೊಂಡೆವು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ದಲ್ಲಾಳಿ ನಮ್ಮನ್ನು ಒಳಗೆ ಬಿಡದೆ ಇದ್ದಾಗಲೇ ನಾವು ನಮ್ಮ ಸ್ವಂತ ಅಂಗಡಿ ಹಾಕಬಹುದಿತ್ತು. ಊರಿನ ಬಟ್ಟೆ ಅಂಗಡಿ, ಬೀಜ-ಗೊಬ್ಬರದ ಅಂಗಡಿ, ಮದುವೆ ಮಂಟಪ, ಕೋಚಿಂಗ್ ಕ್ಲಾಸು ಎಲ್ಲರಿಗೂ ಪರಿಚಯ ಮಾಡಿಕೊಂಡು, ದರಪಟ್ಟಿ ಹಿಡಿದು ಓಡಾಡಬಹುದಿತ್ತು. ಹಾಗೆ ಮಾಡಿದವರು ಕಡಿಮೆ. ಹೆಚ್ಚಿನವರು ಪಟ್ಟಿಯಲ್ಲಿ ಕನ್ನಡ ಬರುವ ದಿನವನ್ನೇ ಎದುರು ನೋಡುತ್ತ ಕೂತರು. ಅವರಲ್ಲಿ ನಾನೂ ಒಬ್ಬ.

ಪಟ್ಟಿಯಲ್ಲಿ ಸೇರಿದ ಮೇಲೆ ಏನಾಯಿತು? ಗಂಜ್ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ರೈತ ಚೀಲ ಇಳಿಸಿದರೆ ಅಡತಿಯವರು ಎದುರಿಗೇ ಇರುತ್ತಾರೆ. ತೂಕ ಕಣ್ಣ ಮುಂದೆ ಆಗುತ್ತದೆ. ಅವತ್ತಿನ ದರ ಎಷ್ಟೆಂದು ಪಕ್ಕದ ಅಂಗಡಿಯಲ್ಲೂ ಕೇಳಬಹುದು. ದರ ಒಗ್ಗದಿದ್ದರೆ ಚೀಲ ಹೇರಿಕೊಂಡು ಮನೆಗೆ ಹೋಗಬಹುದು. ಜಾಹೀರಾತು ಜಾಲದ ಸಂತೆಯಲ್ಲಿ ಓದುಗ ಪುಟ ತೆರೆದ ಕಣ್ಣೆವೆಯಷ್ಟು ಹೊತ್ತಿನಲ್ಲಿ ಹರಾಜು ನಡೆದು ಮುಗಿದಿರುತ್ತದೆ. ಕೊಂಡವರು ಎಷ್ಟು ಕೊಟ್ಟರು, ನಡುವೆ ಎಷ್ಟು ಕೈ ದಾಟಿತು ಎಂಬುದು ತಾಣದವನಿಗೆ ಕಾಣದು. ಬ್ರಿಟನ್ನಿನ ಜಾಹೀರಾತುದಾರರ ಸಂಘ ಇಸ್ಬಾ, ಲೆಕ್ಕಪರಿಶೋಧಕ ಸಂಸ್ಥೆ ಪಿಡಬ್ಲ್ಯುಸಿಯಿಂದ ಈ ದಾರಿಯನ್ನೆಲ್ಲ ಅಳೆಸಿ 2020ರಲ್ಲಿ ವರದಿ ಹೊರತಂದಿತು. ಜಾಹೀರಾತುದಾರ ಕೊಟ್ಟ ನೂರರಲ್ಲಿ ತಾಣಗಳ ಕೈ ಸೇರಿದ್ದು 51. ಸುಮಾರು 15 ಎಲ್ಲಿ ಹೋಯಿತೆಂದು ಲೆಕ್ಕಿಗರಿಗೇ ಹೊಳೆಯಲಿಲ್ಲ. ಅದೂ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳ, ಹೆಸರಾಂತ ತಾಣಗಳ ಲೆಕ್ಕ.

ಆಡ್‌ಸೆನ್ಸ್ ಬಹುಕಾಲ ಲೇಖನ ಪುಟಗಳ ಜಾಹೀರಾತಿನಲ್ಲಿ ಶೇ 68ರ ಪಾಲು ತಾಣದವರಿಗೆ ಎಂದು ಹೇಳುತ್ತ ಬಂತು, 2024ರಲ್ಲಿ ಲೆಕ್ಕದ ಕ್ರಮ ಬದಲಿಸಿತು. ಶೇಕಡಾವಾರು ಕೇಳಲು ಚೆನ್ನಾಗಿಯೇ ಇದೆ. ತೊಂದರೆ ಇರುವುದು ಮೂಲದ ಮೊತ್ತದಲ್ಲಿ. ಕನ್ನಡ ಓದುವ ಕಣ್ಣಿಗೆ ಹರಾಜಿನಲ್ಲಿ ಬೀಳುವ ಬೆಲೆಯೇ ಸಣ್ಣದು. ಜತೆಗೆ ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಹಣ ಬಿಡುಗಡೆಯಾಗದು. ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ಒಂದು ಲಕ್ಷ ಪುಟ ತೆರೆಯುವ ತಾಣ, ಸಾವಿರ ಪುಟಕ್ಕೆ 30 ರೂಪಾಯಿ ಗಳಿಕೆ ಎಂದು ಹಿಡಿದರೆ ತಿಂಗಳಿಗೆ 3,000 ರೂಪಾಯಿ. ಅದೇ ತಾಣ ಹತ್ತು ಅಂಗಡಿಗಳಿಗೆ ತಲಾ 1,500 ರೂಪಾಯಿಯಂತೆ ತಿಂಗಳ ಜಾಗ ಮಾರಿದರೆ 15,000. ಎರಡನೆಯದಕ್ಕೆ ಕಾಲು ಸವೆಯುತ್ತದೆ, ಒಪ್ಪುತ್ತೇನೆ. ಆದರೆ ಒಬ್ಬ ವರದಿಗಾರನ ಪೆಟ್ರೋಲು, ಫೋನು, ಹೊತ್ತಿನ ಊಟ ಆ ಎರಡು ಮೊತ್ತಗಳ ನಡುವಿನ ಅಂತರದಲ್ಲಿದೆ.

ಬೆಲೆಗಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಪಕ್ಕದಲ್ಲಿ ಬಂದು ಕೂರುವ ಜಾಹೀರಾತು. 2022ರ ಕೊನೆಗೆ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿ ನಿಂತಾಗ, ರೈತರು ಪರಿಹಾರ ಕೇಳಿ ಬೀದಿಗಿಳಿದಿದ್ದರು. ಆ ಸುದ್ದಿಯ ಕೆಳಗೆ ನಮ್ಮ ಪುಟದಲ್ಲಿ ರಮ್ಮಿ ಆಡಿ ಲಕ್ಷ ಗೆಲ್ಲಿರೆಂದು ಕರೆಯುವ ಜಾಹೀರಾತು ಓಡುತ್ತಿತ್ತು. ಓದುಗರೊಬ್ಬರು ಫೋನ್ ಮಾಡಿ, "ಅಣ್ಣಾರ, ಬೆಳಿ ಹಾಳಾಗಿ ಕುಂತವ್ರಿಗಿ ಇದೇನ್ ತೋರ್ಸ್ಲತ್ತೀರಿ?" ಎಂದರು. ನಾನು ಅದನ್ನು ಹಾಕಿರಲಿಲ್ಲ, ಆದರೆ ಪುಟ ನನ್ನದು. ಬಾಗಿಲು ತೆರೆದಿಟ್ಟವನು ನಾನೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಕಾಯ್ದೆಯೇ ತಡೆ ಹಾಕಿತು. ಅದಕ್ಕೂ ಮೊದಲೇ ತಡೆಯುವ ಅಧಿಕಾರ ನಮಗಿತ್ತು, ಕೈಯಾರೆ ಜಾಹೀರಾತು ಆರಿಸುವವನಿಗೆ ಆ ಅಧಿಕಾರ ಎಂದೂ ಕೈಬಿಟ್ಟು ಹೋಗಿರುವುದಿಲ್ಲ.

2020ರ ಮಾರ್ಚ್ ಅನ್ನು ಕಲಬುರಗಿಯ ಯಾವ ಪತ್ರಕರ್ತನೂ ಮರೆಯಲಾರ. ದೇಶದ ಮೊದಲ ಕೊರೊನಾ ಸಾವು ದೃಢಪಟ್ಟದ್ದು ಈ ಊರಿನಿಂದ. ಅವತ್ತಿನಿಂದ ಜನ ಗಳಿಗೆಗೊಮ್ಮೆ ಫೋನ್ ತೆರೆದು ಊರಿನ ಸುದ್ದಿ ಹುಡುಕಿದರು. ಅದೇ ವಾರಗಳಲ್ಲಿ ಜಗತ್ತಿನ ದೊಡ್ಡ ಜಾಹೀರಾತುದಾರರು ಕೊರೊನಾ ಎಂಬ ಪದ ಇರುವ ಪುಟಗಳಿಂದ ತಮ್ಮ ಜಾಹೀರಾತನ್ನು ದೂರವಿಡಲು ಜಾಲಗಳಿಗೆ ಹೇಳಿದರು. ಓದುಗರು ಅತಿ ಹೆಚ್ಚು ಬೇಕೆಂದು ಬಂದ ಪುಟವೇ ಹರಾಜಿನಲ್ಲಿ ಅಗ್ಗವಾಯಿತು. ಊರಿನ ಕಿರಾಣಿ ಅಂಗಡಿಗೆ, ಔಷಧ ಅಂಗಡಿಗೆ ಆ ಪುಟದಿಂದ ಹೆದರಿಕೆ ಏನಿತ್ತು? ಯಾವ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ಮನೆಗೆ ಸಾಮಾನು ತಲುಪಿಸುತ್ತೇವೋ ಇಲ್ಲವೋ ಎಂದು ಹೇಳಲು ಅವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ನಾವು ಕೇಳಿದ್ದರೆ ಕೊಡುತ್ತಿದ್ದರು. ಕೇಳುವ ರೂಢಿಯೇ ನಮಗೆ ತಪ್ಪಿತ್ತು.

ದೊಡ್ಡವರ ಜಗಳ ಈಗ ನ್ಯಾಯಾಲಯಗಳಲ್ಲಿದೆ. ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. ಅಮೆರಿಕದ ಫೆಡರಲ್ ನ್ಯಾಯಾಧೀಶೆ ಲಿಯೊನಿ ಬ್ರಿಂಕೆಮಾ 2025ರ ಏಪ್ರಿಲ್ 17ರಂದು, ತಾಣಗಳ ಜಾಹೀರಾತು ಸರ್ವರ್ ಮತ್ತು ಜಾಹೀರಾತು ವಿನಿಮಯದ ಮಾರುಕಟ್ಟೆಗಳಲ್ಲಿ ಆ ಕಂಪನಿ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪಿತ್ತರು. ನಮ್ಮಲ್ಲಿ 2016ರ ಜೂನ್‌ನಿಂದ ವಿದೇಶಿ ಕಂಪನಿಗಳಿಗೆ ಕೊಡುವ ಆನ್‌ಲೈನ್ ಜಾಹೀರಾತು ಹಣದ ಮೇಲೆ ಇದ್ದ ಶೇ 6ರ ತೆರಿಗೆ, ಜನ ಗೂಗಲ್ ಟ್ಯಾಕ್ಸ್ ಎಂದು ಕರೆಯುತ್ತಿದ್ದದ್ದು, 2025ರ ಏಪ್ರಿಲ್ 1ರಿಂದ ಇಲ್ಲವಾಯಿತು. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ತೀರ್ಪು ಎತ್ತ ಬಿದ್ದರೂ ನಂದೂರಿನ ಮಿಲ್ಲಿನ ಮೆಟ್ಟಿಲು ಹತ್ತಬೇಕಾದವರು ನಾವೇ.

ಹಾಗೆಂದು ಕಲಬುರಗಿಯ ತಾಣಗಳು ನೇರವಾಗಿ ಏನನ್ನೂ ಮಾರಿಲ್ಲವೇ? ಮಾರಿದ್ದೇವೆ. ಹೆಚ್ಚಾಗಿ ಶುಭಾಶಯ. ರಾಜ್ಯೋತ್ಸವಕ್ಕೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ, ಶರಣಬಸವೇಶ್ವರ ಜಾತ್ರೆಗೆ, ನಾಯಕರ ಹುಟ್ಟುಹಬ್ಬಕ್ಕೆ ಕೈಮುಗಿದ ಫೋಟೊಗಳ ಸಾಲು. ಆ ಹಣ ಅನೇಕ ತಾಣಗಳನ್ನು ಉಳಿಸಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಶುಭಾಶಯ ಕೊಡುವವರು ಓದುಗನನ್ನು ನೋಡಿ ಕೊಡುವುದಿಲ್ಲ, ಸಂಪಾದಕನ ಮುಖ ನೋಡಿ ಕೊಡುತ್ತಾರೆ. ತಾಣಕ್ಕೆ ನೂರು ಓದುಗರಿದ್ದರೂ ಲಕ್ಷ ಓದುಗರಿದ್ದರೂ ಅವರ ಮೊತ್ತ ಅಷ್ಟೇ. ಚುನಾವಣೆ ಮುಗಿದ ವರ್ಷ ಅದು ಬತ್ತುತ್ತದೆ. ಓದುಗರನ್ನು ಬೆಳೆಸಬೇಕೆಂಬ ಒತ್ತಾಯವನ್ನೂ ಅದು ಹುಟ್ಟಿಸದು. ಸೇಡಂ, ಮಳಖೇಡ, ವಾಡಿಯ ಸಿಮೆಂಟು ಕಾರ್ಖಾನೆಗಳ ಜಾಹೀರಾತನ್ನು ನಂಬಿಕೊಂಡವರಿಗೂ ನಿರಾಸೆಯೇ. ಕಲ್ಲು ಇಲ್ಲಿಯದಾದರೂ ಅಂಥ ಕಂಪನಿಗಳ ಪ್ರಚಾರದ ಹಣ ಮಹಾನಗರದ ಏಜೆನ್ಸಿಗಳ ಮೂಲಕ ಹರಿಯುತ್ತದೆ.

ಮಾರಬೇಕಾದದ್ದು ಸಾಮೀಪ್ಯವನ್ನು. ಇದನ್ನು ನಾನು ತಡವಾಗಿ ಕಲಿತೆ. ತೊಗರಿ ಸುಗ್ಗಿಯಲ್ಲಿ ನಮ್ಮ ತಾಣದಲ್ಲಿ ಅತಿ ಹೆಚ್ಚು ತೆರೆಯುವ ಪುಟ ಯಾವುದೆಂದು ಕೊನೆಗೊಮ್ಮೆ ಕೂತು ನೋಡಿದಾಗ, ಅದು ರಾಜಕೀಯದ ಸುದ್ದಿಯಾಗಿರಲಿಲ್ಲ. ಗಂಜಿನ ದಿನದ ದರ ಹಾಕುವ ಪುಟ. ಚಿತ್ತಾಪುರ, ಜೇವರ್ಗಿ, ಆಳಂದ, ಅಫಜಲಪುರ ಕಡೆಯ ಓದುಗರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ನೋಡುತ್ತಿದ್ದರು. ಆ ಪುಟವನ್ನು ಜಾಲದ ಹರಾಜಿಗೆ ಬಿಟ್ಟಿದ್ದೆವಲ್ಲ ಎಂದು ಹೊಟ್ಟೆ ಉರಿಯಿತು. ಗೋಣಿಚೀಲ, ತಾಡಪತ್ರಿ ಮಾರುವವನಿಗೆ, ರಾಶಿ ಯಂತ್ರ ಬಾಡಿಗೆ ಕೊಡುವವನಿಗೆ, ತೊಗರಿ ಖರೀದಿಸುವ ಮಿಲ್ಲಿಗೆ ಆ ಓದುಗನಿಗಿಂತ ಬೇಕಾದವನು ಇನ್ನಾರು? ಜಾಲಕ್ಕೆ ಅವನು ಕನ್ನಡ ಓದುವ ಒಂದು ಅಗ್ಗದ ಕಣ್ಣು. ಊರಿನ ವ್ಯಾಪಾರಸ್ತನಿಗೆ ಅವನು ನಾಳೆ ಬಾಗಿಲಿಗೆ ಬರುವ ಗಿರಾಕಿ.

ಅಲ್ಲಿಂದ ಮುಂದೆ ನಾವು ಒಂದೊಂದಾಗಿ ಕಲಿತದ್ದನ್ನು ಬರೆಯುತ್ತೇನೆ, ಹೊಸಬರಿಗೆ ಉಪಯೋಗವಾದೀತು. ಪುಟಕ್ಕೆ ಜಾಗ ಕಡಿಮೆ ಇಡಬೇಕು. ದರದ ಪುಟದಲ್ಲಿ ಈಗ ಇರುವುದು ಎರಡೇ ಜಾಗ, ತಿಂಗಳಿಗೆ ಇಷ್ಟೆಂದು ನಿಗದಿ. ಸಾವಿರ ದರ್ಶನದ ಲೆಕ್ಕ ಹೇಳಿದರೆ ಅಂಗಡಿಯವರಿಗೆ ತಲೆ ನೋವು. ತಿಂಗಳ ಬಾಡಿಗೆ ಎಂದರೆ ಅವರಿಗೂ ಗೊತ್ತು, ನಮಗೂ ಗೊತ್ತು. ಓದುಗರು ಬರುವುದು ಫೋನಿನಲ್ಲಾದ್ದರಿಂದ 300×250 ಅಥವಾ 320×50 ಅಳತೆಯ ಚಿತ್ರ ಸಾಕು. ಚಿತ್ರ ಹಗುರ ಇರಬೇಕು, ಹಳ್ಳಿಯ ನೆಟ್‌ವರ್ಕ್‌ನಲ್ಲಿ ಭಾರದ ಚಿತ್ರ ಮೂಡುವ ಹೊತ್ತಿಗೆ ಓದುಗ ಮುಂದೆ ಹೋಗಿರುತ್ತಾನೆ. ಒತ್ತಿದರೆ ನೇರ ಅಂಗಡಿಗೆ ಫೋನ್ ಹೋಗುವಂತೆ ಮಾಡಿದ್ದು ನಮಗೆ ತುಂಬ ಉಪಕಾರವಾಯಿತು. ಇಂಥವರ ಬಳಿ ವೆಬ್‌ಸೈಟೇ ಇರುವುದಿಲ್ಲ, ಫೋನ್ ಬಂತೆಂದರೆ ಜಾಹೀರಾತು ಕೆಲಸ ಮಾಡಿತೆಂದು ಅವರೇ ಲೆಕ್ಕ ಇಡುತ್ತಾರೆ. ಜಾಗ ಬದಲಿಸಿ ತೋರಿಸಲು, ಎಣಿಸಲು ರಿವೈವ್ ಎಂಬ ಮುಕ್ತ ತಂತ್ರಾಂಶವಿದೆ, ಗೂಗಲ್‌ನದೇ ಉಚಿತ ಆಡ್ ಮ್ಯಾನೇಜರ್ ಕೂಡ ಇದೆ. ಹತ್ತು ಜಾಹೀರಾತಿನ ತಾಣಕ್ಕೆ ಅದೂ ಬೇಡ, ಚಿತ್ರ ಮತ್ತು ಕೊಂಡಿ ಸಾಕಾಗುತ್ತವೆ. ಹಣ ಪಡೆದು ಹಾಕಿದ ಕೊಂಡಿಗೆ 'ಸ್ಪಾನ್ಸರ್ಡ್' ಎಂಬ ಗುರುತು ಕೋಡಿನಲ್ಲಿ ಇರಬೇಕು. ಇಲ್ಲದಿದ್ದರೆ ಹುಡುಕು ತಾಣದಲ್ಲಿ ನಮ್ಮ ಸ್ಥಾನಕ್ಕೇ ಕುತ್ತು ಬರಬಹುದು. ಉಳಿದ ಜಾಗವನ್ನು ಜಾಲಕ್ಕೆ ಬಿಟ್ಟಿದ್ದೇವೆ. ದಲ್ಲಾಳಿಯನ್ನು ಪೂರ್ತಿ ಬಿಡಿಸಬೇಕೆಂಬ ಹಟ ನನಗಿಲ್ಲ. ಖಾಲಿ ಬಿದ್ದ ಹೊಲವನ್ನು ಲಾವಣಿಗೆ ಕೊಟ್ಟಂತೆ ಅದು.

ಲೆಕ್ಕದ ಪುಸ್ತಕದ ವಿಷಯಕ್ಕೆ ಬಂದರೆ ನನ್ನ ಅನುಭವ ಕಹಿ. ಮೊದಲ ಎರಡು ವರ್ಷ ಬಾಯಿಮಾತಿನ ಮೇಲೆ ಜಾಹೀರಾತು ಹಾಕಿದೆವು. ಒಬ್ಬ ವ್ಯಾಪಾರಸ್ತರು ಆರು ತಿಂಗಳು ಹಾಕಿಸಿಕೊಂಡು, ನಾನು ಹೇಳಿದ್ದು ಎರಡೇ ತಿಂಗಳಿಗೆ ಎಂದರು. ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಅದರ ಮರುದಿನವೇ ಆದೇಶದ ನಮೂನೆ ಮುದ್ರಿಸಿದೆವು: ಯಾವ ಪುಟ, ಯಾವ ಜಾಗ, ಎಂದಿನಿಂದ ಎಂದಿನವರೆಗೆ, ಮೊತ್ತ, ಸಹಿ. ಮುಂಗಡ ಬಂದ ಮೇಲೆ ಚಿತ್ರ ಏರಿಸುವುದು. ತಿಂಗಳ ಕೊನೆಗೆ ಎಷ್ಟು ಜನ ನೋಡಿದರು ಎಂಬ ಒಂದು ಹಾಳೆ, ಪುಟದ ಸ್ಕ್ರೀನ್‌ಶಾಟ್ ಸಮೇತ, ಕೇಳದಿದ್ದರೂ ಕೊಡುವುದು. ಜಿಎಸ್‌ಟಿಯಲ್ಲಿ ಮುದ್ರಿತ ಪತ್ರಿಕೆಯ ಜಾಗಕ್ಕೆ ಶೇ 5, ಜಾಲತಾಣದ ಜಾಗಕ್ಕೆ ಶೇ 18. ಈ ಭೇದ ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಸಣ್ಣ ತಾಣಕ್ಕೆ ನೋಂದಣಿಯ ಕಡ್ಡಾಯವಿಲ್ಲ ಎಂಬುದೊಂದು ಸಮಾಧಾನ. ಒಂದೇ ಬಿಲ್ಲು 30,000 ಮೀರಿದರೆ, ಇಲ್ಲವೇ ವರ್ಷದ ಒಟ್ಟು 1 ಲಕ್ಷ ಮೀರಿದರೆ ದೊಡ್ಡ ಸಂಸ್ಥೆಗಳು ಟಿಡಿಎಸ್ ಮುರಿದುಕೊಂಡು ಕೊಡುತ್ತವೆ. ಇದನ್ನು ತಿಳಿಯದೆ, ಹಣ ಕಡಿಮೆ ಬಂತೆಂದು ಗಿರಾಕಿಯ ಜತೆ ಜಗಳಕ್ಕೆ ಹೋದ ಗೆಳೆಯರಿದ್ದಾರೆ.

ನೇರ ಮಾರಾಟದ ದೊಡ್ಡ ಅಪಾಯ ಬೇರೆಯೇ. ಜಾಲದ ಜಾಹೀರಾತುದಾರ ನಿಮ್ಮ ಹೆಸರನ್ನೇ ಕೇಳಿರುವುದಿಲ್ಲ, ನೇರ ಜಾಹೀರಾತುದಾರ ನಿಮ್ಮ ಫೋನ್ ನಂಬರ್ ಬಲ್ಲ. ನಮಗೆ ವರ್ಷಕ್ಕೆ ಜಾಹೀರಾತು ಕೊಟ್ಟಿದ್ದ ಒಂದು ಸಂಸ್ಥೆಯ ಮೇಲೆ ದೂರು ದಾಖಲಾದಾಗ, ಸುದ್ದಿ ಹಾಕಬೇಡಿ ಎಂದು ಕರೆ ಬಂತು. ಹಾಕಿದೆವು. ಮರುತಿಂಗಳು ಜಾಹೀರಾತು ನಿಂತಿತು. ಆ ತಿಂಗಳ ಬಾಡಿಗೆ ಕಟ್ಟಲು ಸಾಲ ಮಾಡಿದೆ. ಪಿ. ಲಂಕೇಶರು 1980ರಲ್ಲಿ ಪತ್ರಿಕೆ ತೆಗೆದಾಗ ಜಾಹೀರಾತನ್ನೇ ಹತ್ತಿರ ಬಿಟ್ಟುಕೊಳ್ಳದೆ, ಓದುಗರು ಕೊಡುವ ದುಡ್ಡಿನಿಂದಲೇ ನಡೆಸಿದ್ದು ಯಾಕೆಂದು ಆ ತಿಂಗಳು ನನಗೆ ಚೆನ್ನಾಗಿ ತಿಳಿಯಿತು. ಆದರೆ ಜಾಲದಲ್ಲಿ ಪುಕ್ಕಟೆ ಓದಿ ರೂಢಿಯಾದವರಿಂದ ಅಂಥ ಬಲ ಒಟ್ಟುಗೂಡಲು ಸಮಯ ಬೇಕು. ಅಲ್ಲಿಯವರೆಗೆ ದಾರಿ ಇರುವುದು ಒಬ್ಬರ ಮೇಲೆ ನಿಲ್ಲದಿರುವುದರಲ್ಲಿ. ಒಬ್ಬ ಜಾಹೀರಾತುದಾರನಿಂದ ಬರುವ ಹಣ ಒಟ್ಟು ಗಳಿಕೆಯ ಹತ್ತನೇ ಒಂದು ಪಾಲು ಮೀರಬಾರದೆಂದು ನಾವು ಕಟ್ಟು ಹಾಕಿಕೊಂಡಿದ್ದೇವೆ. ಜಾಹೀರಾತು ಕೇಳಲು ಹೋಗುವವರು ಸುದ್ದಿ ಬರೆಯುವುದಿಲ್ಲ. ಪುಟದಲ್ಲಿ 'ಜಾಹೀರಾತು' ಎಂದು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯುತ್ತೇವೆ. ನೆಟೆ ರೋಗ ಪೂರ್ತಿ ವಾಸಿ ಮಾಡುತ್ತದೆಂದು ಹೇಳುವ ಔಷಧದ ಜಾಹೀರಾತು ಒಂದು ಬಂದಿತ್ತು, ಕೃಷಿ ತಜ್ಞರನ್ನು ಕೇಳಿ ವಾಪಸು ಕಳಿಸಿದೆವು. ದಾರಿ ತಪ್ಪಿಸುವ ಜಾಹೀರಾತು ತಡೆಯಲು 2022ರ ಜೂನ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದಿದೆ. ಆದರೆ ಅಂಥ ಔಷಧ ಸಿಂಪಡಿಸಿ ಮೋಸ ಹೋದವನು ನಮ್ಮ ಪಕ್ಕದ ಊರಿನವನೇ ಆಗಿರುತ್ತಾನೆ, ಆ ಭಯ ಕಾಯ್ದೆಗಿಂತ ದೊಡ್ಡದು.

ಸರ್ಕಾರಿ ಜಾಹೀರಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಂದ್ರ 2023ರಲ್ಲಿ, ರಾಜ್ಯ 2024ರಲ್ಲಿ ಡಿಜಿಟಲ್ ಮಾಧ್ಯಮಕ್ಕೆ ನೀತಿ-ಮಾರ್ಗಸೂಚಿ ತಂದವು. ಅರ್ಹತೆ ಇದ್ದವರು ಅರ್ಜಿ ಹಾಕಲಿ. ಅದನ್ನೇ ನೆಚ್ಚಿಕೊಂಡು ತಾಣ ಕಟ್ಟಬಾರದು.

ನಾವು ಇನ್ನೂ ಮುಟ್ಟದೆ ಬಿಟ್ಟ ಗಿರಾಕಿಗಳು ಎಷ್ಟೊಂದು ಇದ್ದಾರೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಸಿಕ್ಕಿದೆ, ಕಲಬುರಗಿಯ ತೊಗರಿಬೇಳೆಗೂ 2019ರಲ್ಲಿ ಸಿಕ್ಕಿತು. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೂತು ನಮ್ಮ ತಾಣ ತೆರೆಯುವ ಈ ಕಡೆಯ ಮಂದಿಗೆ ಊರಿನ ಬೇಳೆಯ ರುಚಿಯ ನೆನಪಿದೆ. ಬೆಳೆದವನಿಗೂ ಅವರಿಗೂ ನಡುವೆ ಒಂದು ಸಾಲಿನ ಜಾಹೀರಾತು ಸಾಕು: ಬಾಳೆ ಗೊನೆ ಬಂದಿದೆ, ಇಂಥ ನಂಬರಿಗೆ ಫೋನ್ ಮಾಡಿ. ನೂರು ರೂಪಾಯಿಗೆ ವಾರದ ಕಿರುಜಾಹೀರಾತು ಎಂದು ಬರುವ ತಿಂಗಳು ಶುರು ಮಾಡುತ್ತಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಬೆಳೆ ಹೋದವರಿಗೆ ಅದೂ ಪುಕ್ಕಟೆ.

ಮೊನ್ನೆ ಅದೇ ನಂದೂರಿನ ಮಿಲ್ಲಿಗೆ ಹೋಗಿದ್ದೆ. ಹಿರಿಯರು ಈಗ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ, ವ್ಯವಹಾರ ಮಗನದು. ನಾನು ಹಾಳೆಯೊಂದನ್ನು ಮುಂದಿಟ್ಟೆ. ಕಳೆದ ಸುಗ್ಗಿಯಲ್ಲಿ ತೊಗರಿ ದರದ ಪುಟ ತೆರೆದವರ ಲೆಕ್ಕ, ಊರುವಾರು. ಮಗ ಕಣ್ಣಾಡಿಸಿ ತಂದೆಗೆ ಕೊಟ್ಟ. ಹಿರಿಯರು ಕನ್ನಡಕ ಏರಿಸಿ ಬೆರಳಿಟ್ಟು ಓದಿದರು. ಚಿತ್ತಾಪುರದ ಎದುರಿನ ಅಂಕಿಯ ಹತ್ತಿರ ಬೆರಳು ನಿಂತಿತು.

"ಇವ್ರೆಲ್ಲ ನಮ್ ಕಡಿ ಮಾಲ್ ಹಾಕೋ ಮಂದಿನೇ ಅದಾರಲ್ರಿ" ಎಂದರು. ಆಮೇಲೆ ಹಾಳೆ ಮಡಿಚಿ ಮೇಜಿನ ಮೇಲಿಟ್ಟು ಕೇಳಿದರು: "ಮೂರು ತಿಂಗ್ಳಿಗಿ ಎಷ್ಟಾತು? ಪಾವತಿ ಕೊಡ್ತೀರಿಲ್ಲೋ?"

ಪಾವತಿ ಪುಸ್ತಕ ಚೀಲದಲ್ಲೇ ಇತ್ತು.